ನಿಂತಂತೆ ಕಾಣುವ ಬುಟ್ಟಿ

ಬಿಳಿ ನೂಲು ತುಂಬಿದ ಉಕ್ಕಿನ ಬುಟ್ಟಿ ಪೂರ್ತಿ ವೇಗದಲ್ಲಿ ತಿರುಗುತ್ತಿದ್ದರೆ ಮೇಲಿನಿಂದ ಬಗ್ಗಿ ನೋಡುವವರಿಗೆ ಅದು ನಿಂತಂತೆಯೇ ಕಾಣುತ್ತದೆ. ಬಣ್ಣ ಬಣ್ಣದ ನೂಲಿದ್ದರೆ ಗೊತ್ತಾಗುತ್ತದೆ, ಪಟ್ಟೆಗಳು ಒಂದಕ್ಕೊಂದು ಕಲಸಿಕೊಂಡಂತೆ ಓಡುತ್ತವೆ. ಬರೀ ಬಿಳಿ ಇದ್ದರೆ ಏನೂ ಓಡುವುದಿಲ್ಲ. ಸುಣ್ಣ ಬಳಿದ ಗೋಡೆಯ ಹಾಗೆ ಸುಮ್ಮನಿರುತ್ತದೆ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದಲ್ಲ. ನಾವೇ ಬರೆದ ಪ್ರೋಗ್ರಾಮು ಹಸಿರು ದೀಪ ಹೊತ್ತಿಸಿ, ಮುಚ್ಚಳದ ಚಿಲಕ ಬಿಟ್ಟುಕೊಟ್ಟ ಮೇಲೆ, ಒಬ್ಬರ ಬಲಗೈ ಅಂಥ ಬುಟ್ಟಿಯೊಳಕ್ಕೆ ಇಳಿಯುತ್ತಿದ್ದುದನ್ನು ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡಿ ತಿಳಿದದ್ದು.

ಆ ಕೈ ಉಳಿಯಿತು. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನೆನಪಿನಲ್ಲಿ ಮಾತ್ರ ಅದು ಪ್ರತಿ ಸಲವೂ ಉಳಿಯುವುದಿಲ್ಲ.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನಾನು ಬೆಂಗಳೂರಿನ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಓದಿ ಮುಗಿಸಿ ದಾಬಸ್‌ಪೇಟೆಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಗೆ ಸೇರಿದ್ದೆ. ಶೀಟು ಹೊದಿಸಿದ ಶೆಡ್ಡು, ಮುಂದೆ ಹೊಂಗೆ ಮರ, ಹಿಂದೆ ಲಾರಿಗಳು ನಿಲ್ಲುವ ಬಯಲು. ಕಾರ್ಖಾನೆಗಳ ಯಂತ್ರಗಳಿಗೆ ಬೇಕಾದ ಕಂಟ್ರೋಲ್ ಪ್ಯಾನೆಲ್ ಮಾಡುತ್ತಿದ್ದೆವು. ಅದುವರೆಗೆ ಸ್ವಿಚ್ಚು, ರಿಲೇ, ವೈರುಗಳಲ್ಲೇ ಮುಗಿಯುತ್ತಿದ್ದ ಕೆಲಸಕ್ಕೆ ಆಗ ಕಂಪ್ಯೂಟರು ಬರತೊಡಗಿತ್ತು. ದೊಡ್ಡಬಳ್ಳಾಪುರದ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದರೆ ಆಫೀಸು ಶುರುವಾಗುವ ಹೊತ್ತಿಗೆ ಸರಿಯಾಗಿ ತಲುಪುತ್ತಿದ್ದೆ.

ಪ್ರೋಗ್ರಾಮಿನ ವಿಭಾಗ ಅಂದರೆ ಮೂರೇ ಜನ. ನೆಲಮಂಗಲದಿಂದ ಬರುತ್ತಿದ್ದ ಮೇಡಂ ನಮಗೆಲ್ಲ ಹಿರಿಯರು. ಕೆಲವು ಕಾಲ ಕಾಲೇಜಿನಲ್ಲಿ ಪಾಠ ಮಾಡಿ, ಆಮೇಲೆ ನಗರದ ಕಂಪನಿಯೊಂದರಲ್ಲಿ ಕೆಲಸ ಮಾಡಿ, ದಿನಾ ಅಷ್ಟು ದೂರ ಓಡಾಡಲು ಬೇಸರವಾಗಿ ಇಲ್ಲಿಗೆ ಬಂದಿದ್ದರು. ಇನ್ನೊಬ್ಬ ಹೊಸಕೋಟೆ ಕಡೆಯ ನಂದಗುಡಿಯವನು, ನನಗಿಂತ ಒಂದೆರಡು ವರ್ಷ ಚಿಕ್ಕವನು, ಡಿಪ್ಲೊಮಾ ಓದಿದವನು. ದಾಬಸ್‌ಪೇಟೆಯಲ್ಲೇ ರೂಮು ಮಾಡಿಕೊಂಡಿದ್ದ. ನನ್ನನ್ನು ಅಕ್ಕ ಅನ್ನುತ್ತಿದ್ದ, ಆದರೆ ಅಕ್ಕನಿಗೆ ಕೊಡುವ ಮರ್ಯಾದೆಯನ್ನೇನೂ ಕೊಡುತ್ತಿರಲಿಲ್ಲ.

ನಮ್ಮಿಬ್ಬರಿಗೂ ಪ್ರೋಗ್ರಾಮು ಬರೆಯುವ ಸಿ ಭಾಷೆ ಬರುತ್ತಿತ್ತು. ಮೇಲಿನಿಂದ ಕೆಳಕ್ಕೆ ಒಂದೇ ಉದ್ದದ ಪ್ರೋಗ್ರಾಮು ಬರೆದು ಅಭ್ಯಾಸ. ಮೇಡಂ ಸಿ ಪ್ಲಸ್ ಪ್ಲಸ್ ಕಲಿಯಬೇಕು, ಆಬ್ಜೆಕ್ಟುಗಳಾಗಿ ಯೋಚಿಸಬೇಕು ಅಂದರು. ಶನಿವಾರ ಮಧ್ಯಾಹ್ನ ಊಟವಾದ ಮೇಲೆ ಅದಕ್ಕೆಂದೇ ಕೂರಿಸಿಕೊಳ್ಳುತ್ತಿದ್ದರು. ಪಾಠ ಅನ್ನುವಂಥದ್ದೇನೂ ಇರಲಿಲ್ಲ, ಬರೀ ಅಭ್ಯಾಸಗಳು. ಮೊದಲನೆಯದು ನೂಲಿನ ಉಂಡೆ. ಉಂಡೆಯಲ್ಲಿ ಇಷ್ಟು ನೂಲಿದೆ, ಕೇಳಿದಷ್ಟು ಕೊಡಬೇಕು, ಇರುವುದಕ್ಕಿಂತ ಹೆಚ್ಚು ಕೇಳಿದರೆ ಇಲ್ಲ ಅನ್ನಬೇಕು. ಇಷ್ಟೇ.

ಆದರೆ ಉಂಡೆಯನ್ನು ಬರೆಯುವ ಮೊದಲು ಅದರ ಪರೀಕ್ಷೆಯನ್ನು ಬರೆಯಬೇಕು. ಅದು ಅವರ ಕಟ್ಟುನಿಟ್ಟು. ಹತ್ತು ಮಾರು ಇರುವ ಉಂಡೆಯನ್ನು ಹನ್ನೊಂದು ಕೇಳಿದರೆ ಇಲ್ಲ ಅನ್ನುತ್ತದೋ ನೋಡು ಅಂತ ಒಂದು ಪುಟ್ಟ ಪರೀಕ್ಷೆ. ಅದನ್ನು ಓಡಿಸಿದರೆ ಕಪ್ಪು ಪರದೆಯ ಮೇಲೆ ಕೆಂಪು ಅಕ್ಷರ ಬರಬೇಕು, ಯಾಕೆಂದರೆ ಉಂಡೆಯೇ ಇನ್ನೂ ಇಲ್ಲ. ಆಮೇಲೆ ಆ ಕೆಂಪು ಹೋಗಿ ಹಸಿರು ಬರುವುದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಬರೆಯಬೇಕು. ಹಸಿರು ಬಂದ ಮೇಲೆ ಇನ್ನೊಂದು ಪರೀಕ್ಷೆ, ಮತ್ತೆ ಕೆಂಪು.

"ಇದೇನ್ ಮೇಡಂ, ಮೊದ್ಲು ಫೇಲ್ ಆಗ್ಲೇಬೇಕು ಅಂತೀರಾ?" ಅಂದ ನಂದಗುಡಿಯವನು. "ಡಿಪ್ಲೊಮಾದಲ್ಲಿ ನಾನ್ ಆಗಿದ್ದು ಸಾಲ್ದಾ?"

"ನೀನು ಫೇಲ್ ಆಗಿದ್ದು ಓದ್ದೆ. ಇದು ಬೇಕು ಅಂತ ಫೇಲ್ ಆಗೋದು," ಅಂದರು ಮೇಡಂ. "ಕೆಂಪು ಬರ್ಬೇಕಾದ್ ಕಡೆ ಬರುತ್ತೆ ಅಂತ ಗೊತ್ತಿದ್ರೆ ತಾನೆ ಹಸಿರನ್ನ ನಂಬೋದು?"

"ಹಂಗಾರೆ ನಮ್ಮಪ್ಪಂಗೆ ಇದನ್ನ ಒಂದ್ಸಲ ಬಂದ್ ಹೇಳ್ಬಿಡಿ ಮೇಡಂ."

ಕ್ಲಾಸು ಅಂದರೆ ಅಚ್ಚು, ಆಬ್ಜೆಕ್ಟು ಅಂದರೆ ಆ ಅಚ್ಚಿನಿಂದ ಬಂದ ವಸ್ತು ಎಂದು ಮೇಡಂ ಹೇಳಿದಾಗ ನನಗೆ ಸೀರೆಯ ಚಿತ್ತಾರಕ್ಕೆಂದು ನಮ್ಮ ಮನೆಯ ಮಗ್ಗದ ಮೇಲೆ ತೂಗುಹಾಕುವ ತೂತಿನ ರಟ್ಟುಗಳು, ಅಟ್ಟೆಗಳು, ನೆನಪಾದವು. ಒಂದೇ ಕಟ್ಟು ಅಟ್ಟೆಯಿಂದ ಎಷ್ಟು ಸೀರೆಗೆ ಬೇಕಾದರೂ ಅದೇ ಅಂಚು ನೇಯಬಹುದು, ಬಣ್ಣ ಮಾತ್ರ ಒಂದೊಂದರದು ಒಂದೊಂದು. ಹೀಗೆ ಅಂದುಕೊಂಡ ಮೇಲೆ ಆ ಭಾಗ ನನಗೆ ಕಷ್ಟವಾಗಲಿಲ್ಲ. ಕಷ್ಟವಾದದ್ದು ಇನ್ನೊಂದು ನಿಯಮ. ಒಂದು ಆಬ್ಜೆಕ್ಟಿನ ಹೊಟ್ಟೆಯೊಳಗೆ ಏನಿದೆ ಎಂದು ಇನ್ನೊಂದು ಇಣುಕಿ ನೋಡುವ ಹಾಗಿಲ್ಲ. ಬೇಕಾದ್ದನ್ನು ಕೇಳಬೇಕು, ಅದು ಹೇಳಿದ್ದನ್ನು ನಂಬಬೇಕು. ಸಿ ಬರೆದ ಕೈಗೆ ಎಲ್ಲರ ಮನೆಯೊಳಕ್ಕೂ ನುಗ್ಗಿ ಬೇಕಾದ್ದನ್ನು ಎತ್ತಿಕೊಂಡು ಬರುವ ಚಾಳಿ ಇತ್ತು.

ಅದನ್ನು ಬಿಡಿಸಲು ಮೇಡಂ ಒಂದು ಆಟ ಆಡಿಸುತ್ತಿದ್ದರು. ಹಳೆಯ ಕ್ಯಾಲೆಂಡರಿನ ದಪ್ಪ ಹಾಳೆಯನ್ನು ಕತ್ತರಿಸಿ ಚೀಟಿ ಮಾಡಿ ಒಬ್ಬೊಬ್ಬರಿಗೆ ಒಂದೊಂದು ಕೊಡುವುದು. ಚೀಟಿಯಲ್ಲಿ ಯಾವ ಆಬ್ಜೆಕ್ಟಿನ ಹೆಸರಿದೆಯೋ ಅದು ನೀನು. ಪ್ರಶ್ನೆ ಬಂದರೆ ಉತ್ತರ ಹೇಳಬೇಕು, ಕೆಲಸ ಹೇಳಿದರೆ ಮಾಡಬೇಕು. ಹಾಗೆ ಒಂದು ಸುತ್ತು ಆಡಿ ನೋಡಿದ ಮೇಲೆ ಪರೀಕ್ಷೆ, ಅದಾದ ಮೇಲೆ ಪ್ರೋಗ್ರಾಮು.

ಅಭ್ಯಾಸಗಳು ಮುಗಿದ ಮೇಲೆ ನಿಜವಾದ ಕೆಲಸ ಬಂತು. ದೊಡ್ಡಬಳ್ಳಾಪುರದಲ್ಲಿ ನೂಲಿಗೆ ಬಣ್ಣ ಹಾಕುವ ಒಂದು ಕಾರ್ಖಾನೆ. ಊರಿನಲ್ಲಿ ಇಂಥವನ್ನು ಡೈಯಿಂಗ್ ಅನ್ನುತ್ತಾರೆ. ಬಣ್ಣದ ತೊಟ್ಟಿಯಿಂದಲೋ ತೊಳೆಯುವ ತೊಟ್ಟಿಯಿಂದಲೋ ಎತ್ತಿದ ಒದ್ದೆ ಲಡಿಗಳ, ಅಂದರೆ ನೂಲಿನ ಸುರುಳಿಗಳ, ನೀರು ಹಿಂಡುವುದಕ್ಕೆ ಅಲ್ಲೊಂದು ಯಂತ್ರ. ಎಲ್ಲರೂ ಅದನ್ನು ಹೈಡ್ರೋ ಅನ್ನುತ್ತಿದ್ದರು. ದೊಡ್ಡ ಹಂಡೆಯಂಥ ಹೊದಿಕೆ, ಅದರೊಳಗೆ ಸಣ್ಣ ಸಣ್ಣ ತೂತುಗಳ ಉಕ್ಕಿನ ಬುಟ್ಟಿ. ಬುಟ್ಟಿ ಗರಗರ ತಿರುಗಿದರೆ ನೀರೆಲ್ಲ ತೂತುಗಳಿಂದ ಹೊರಕ್ಕೆ ಹಾರುತ್ತದೆ. ಅದನ್ನೆಲ್ಲ ಮೂರು ಕಾಲುಗಳಿಂದ ಸರಳು ಕೊಟ್ಟು ತೂಗುಹಾಕಿರುತ್ತಾರೆ, ಒಂದೇ ಕಡೆ ನೂಲು ಹೆಚ್ಚಾದರೆ ಇಡೀ ಯಂತ್ರ ಒಲೆದಾಡುತ್ತದೆ. ಬ್ರೇಕು ಇದ್ದರೂ ಸವೆದಿರುತ್ತದೆ, ಸ್ವಿಚ್ಚು ಆರಿಸಿದ ಮೇಲೂ ಬುಟ್ಟಿ ಬಹಳ ಹೊತ್ತು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತದೆ. ಅಷ್ಟು ಹೊತ್ತು ಕಾಯಲು ತಾಳ್ಮೆ ಇಲ್ಲದವರು ಒದ್ದೆ ಗೋಣಿಚೀಲವನ್ನು ಒತ್ತಿಹಿಡಿದು ಅದನ್ನು ನಿಲ್ಲಿಸುತ್ತಿದ್ದರು. ಹಾಗೆ ನಿಲ್ಲಿಸಲು ಹೋಗಿ ಕೈ ಕಳೆದುಕೊಂಡವರನ್ನು ನಾನು ಚಿಕ್ಕಂದಿನಿಂದ ಊರಿನಲ್ಲಿ ನೋಡಿದ್ದೆ. ಒಬ್ಬರು ನಮ್ಮ ಬೀದಿಯ ಕೊನೆಯಲ್ಲೇ ಇದ್ದರು, ಎಡಗೈಯಲ್ಲಿ ಊಟ ಮಾಡುತ್ತಿದ್ದರು.

ಅಲ್ಲಿ ಹೈಡ್ರೋ ನೋಡಿಕೊಳ್ಳುತ್ತಿದ್ದವರು ಐವತ್ತರ ಆಸುಪಾಸಿನವರು. ಎಲ್ಲರಿಗೂ ಅವರು ಅಣ್ಣ. ನಮ್ಮಪ್ಪನ ಪರಿಚಯ ಇತ್ತು, ಹಾಗಾಗಿ ನನ್ನನ್ನು ಅಮ್ಮಣ್ಣಿ ಅನ್ನುತ್ತಿದ್ದರು. ಅವರೂ ಗೋಣಿಚೀಲದವರೇ.

ಮಾಲೀಕರು ಕೇಳಿದ್ದು ಮುಚ್ಚಳಕ್ಕೊಂದು ಚಿಲಕ. ಬುಟ್ಟಿ ನಿಂತ ಮೇಲೆಯೇ ಬಿಡಬೇಕು, ಅಲ್ಲಿಯವರೆಗೆ ಯಾರು ಏನು ಮಾಡಿದರೂ ಬಿಡಬಾರದು. ಮೇಡಂ ಇದನ್ನು ಅಭ್ಯಾಸದಂತೆಯೇ ತೆಗೆದುಕೊಂಡರು. ಬುಟ್ಟಿಯ ಅಕ್ಷಕ್ಕೆ ಒಂದು ಬೋಲ್ಟು ಕೂರಿಸಿ, ಅದರೆದುರಿಗೆ ಒಂದು ಸೆನ್ಸರು. ಬೋಲ್ಟು ಎದುರಿಗೆ ಹಾದುಹೋದಾಗಲೆಲ್ಲ ಸೆನ್ಸರಿನಿಂದ ಒಂದು ಮಿಡಿತ ಕಂಪ್ಯೂಟರಿಗೆ ಬರುತ್ತದೆ. ಮಿಡಿತ ಬರುತ್ತಿದ್ದರೆ ಬುಟ್ಟಿ ತಿರುಗುತ್ತಿದೆ, ಬರದಿದ್ದರೆ ನಿಂತಿದೆ.

ಶನಿವಾರ ಚೀಟಿ ಹಂಚಿದರು. ನಾನು ಚಿಲಕ. ನಂದಗುಡಿಯವನು ಸೆನ್ಸರು. ಮೇಡಂ ಮೊಳಕೈ ಊರಿಕೊಂಡು ಅಣ್ಣನ ಪಾತ್ರ.

"ಚಿಲಕ, ಬಿಡಮ್ಮಾ," ಅಂದರು ಮೇಡಂ.

ನಾನು ಪಕ್ಕಕ್ಕೆ ತಿರುಗಿ, "ಸೆನ್ಸರೇ, ಬುಟ್ಟಿ ತಿರುಗ್ತಾ ಇದ್ಯಾ?" ಅಂದೆ.

"ತಿರುಗ್ತಾ ಐತೆ ತಾಯಿ, ಗಿರಗಿಟ್ಲೆ ಥರ."

"ಹಾಗಾದ್ರೆ ಬಿಡಲ್ಲ."

ಎರಡನೆಯ ಸಲ ಕೇಳಿದಾಗ ಅವನ ಬಾಯಲ್ಲಿ ಬೋಂಡ ಇತ್ತು. ಹೆದ್ದಾರಿಯ ಪಕ್ಕದ ಅಂಗಡಿಯಿಂದ ಆಗ ತಾನೇ ತಂದಿದ್ದ ಬಿಸಿ ಬೋಂಡ, ಇಡಿಯಾಗಿ ಬಾಯಿಗೆ ಹಾಕಿಕೊಂಡುಬಿಟ್ಟಿದ್ದ. ಉಗುಳಲಾರ, ನುಂಗಲಾರ. ಕಣ್ಣಲ್ಲಿ ನೀರು. ನಾನು ಅವನ ಮುಖ ನೋಡುತ್ತಾ ಕಾದೆ. ಮೇಡಂ ನಗುತ್ತಾ ಟೇಬಲ್ಲು ತಟ್ಟಿದರು.

"ಸೆನ್ಸರ್ ಊಟಕ್ಕೆ ಹೋಗಿದೆ. ನುಂಗಿ ಬೇಗ ಹೇಳಪ್ಪಾ, ಅಣ್ಣಂಗೆ ಹೊತ್ತಾಗ್ತಿದೆ."

ಅವನು ನುಂಗಿ, ನೀರು ಕುಡಿದು, "ನಿಂತೈತೆ," ಅಂದ. ನಾನು ಚಿಲಕ ಬಿಟ್ಟೆ. ಆಟ ಮುಗಿಯಿತು.

ಪರೀಕ್ಷೆಗಳನ್ನು ಬರೆದೆವು. ತಿರುಗುತ್ತಿರುವಾಗ ಬಿಡು ಅಂದರೆ ಬಿಡಬಾರದು. ನಿಧಾನವಾಗಿ ತಿರುಗುತ್ತಿದ್ದರೂ ಬಿಡಬಾರದು. ನಿಂತ ಮೇಲೆ ಬಿಡಬೇಕು. ಸ್ವಿಚ್ಚು ಆರಿಸದೆ ಬಿಡು ಅಂದರೆ ಬಿಡಬಾರದು. ಆಫೀಸಿನಲ್ಲಿ ಹೈಡ್ರೋ ಇರಲಿಲ್ಲವಲ್ಲ, ಅದಕ್ಕೆ ಪರೀಕ್ಷೆಗೆಂದೇ ಒಂದು ಸುಳ್ಳು ಬುಟ್ಟಿ ಮಾಡಿಕೊಂಡೆವು. ತಿರುಗು ಅಂದರೆ ತಿರುಗುತ್ತಿದ್ದೇನೆ ಅನ್ನುವ, ನಿಲ್ಲು ಅಂದರೆ ನಿಂತೆ ಅನ್ನುವ ಒಂದು ಆಬ್ಜೆಕ್ಟು. ಅದು ಬಹಳ ವಿಧೇಯ ಬುಟ್ಟಿ. ಪ್ರತಿಯೊಂದು ಪರೀಕ್ಷೆಯಲ್ಲೂ ಮೊದಲು ಕೆಂಪು ಕಂಡೆವು, ಆಮೇಲೆ ಹಸಿರು. ಅಡ್ಡದಾರಿ ಎಲ್ಲೂ ಹಿಡಿಯಲಿಲ್ಲ.

ಚಿಲಕವನ್ನು ಡೈಯಿಂಗಿನಲ್ಲಿ ಕೂರಿಸಿದ ಮೇಲೆ ಒಂದು ವಾರ ನಾನೂ ನಂದಗುಡಿಯವನೂ ಅಲ್ಲಿಯೇ ಇರಬೇಕೆಂದು ತೀರ್ಮಾನವಾಯಿತು. ಕಂಪ್ಯೂಟರನ್ನು ಒಂದು ಮೂಲೆಯಲ್ಲಿ ಪ್ಲಾಸ್ಟಿಕ್ಕು ಹೊದಿಸಿ ಇಟ್ಟಿದ್ದೆವು. ಯಂತ್ರದ ಮೇಲೆ ಎರಡು ದೀಪ, ಕೆಂಪು ಮತ್ತು ಹಸಿರು. ಅಣ್ಣ ಮೊದಲೆರಡು ದಿನ ನಮ್ಮ ದೀಪಗಳನ್ನು ಲೆಕ್ಕಕ್ಕೇ ಇಡಲಿಲ್ಲ. ಹಸಿರು ಬಂದರೂ ಮುಚ್ಚಳ ಒಂದು ಬೆರಳಷ್ಟು ಎತ್ತಿ, ಗೋಣಿಚೀಲ ಹಿಡಿದುಕೊಂಡೇ ಒಳಗೆ ನೋಡುತ್ತಿದ್ದರು.

"ಅಣ್ಣಾ, ಹಸಿರು ಬಂತು ಅಂದ್ರೆ ನಿಂತಿದೆ ಅಂತಾನೇ ಅರ್ಥ. ಚೀಲ ಬಿಸಾಕಿ," ಅನ್ನುತ್ತಿದ್ದ ನಂದಗುಡಿಯವನು.

"ಬಿಸಾಕ್ತೀನಿ ಇರಪ್ಪಾ. ನೀನ್ ಹುಟ್ಟೋಕ್ ಮುಂಚಿಂದ ಇಟ್ಕಂಡಿರೋ ಚೀಲ."

"ಅದಕ್ಕೇ ಅಷ್ಟು ನಾತ."

ಅಣ್ಣ ನಗುತ್ತಿದ್ದರು. ದಿನಕ್ಕೆ ಎಷ್ಟೋ ಸಲ ಹಸಿರು ಬರುತ್ತಿತ್ತು, ಪ್ರತಿ ಸಲವೂ ಬುಟ್ಟಿ ನಿಂತಿರುತ್ತಿತ್ತು. ವಾರದ ಕೊನೆಯ ಹೊತ್ತಿಗೆ ಚೀಲ ಮೂಲೆ ಸೇರಿತು. ಹಸಿರು ಕಂಡರೆ ಒಂದೇ ಬೀಸಿಗೆ ಮುಚ್ಚಳ ಎತ್ತಿ ಕೈ ಹಾಕುತ್ತಿದ್ದರು. ಅದನ್ನು ಕಂಡು ನಮಗೆ ಸಂತೋಷವಾಗಿತ್ತು. ಅವರ ಹಳೆಯ ಅಭ್ಯಾಸ ಬಿಡಿಸಿದ್ದೇ ನಮ್ಮ ಕೆಲಸದ ಗೆಲುವು ಅಂತ ನಾನು ಮೇಡಂಗೆ ಫೋನಿನಲ್ಲಿ ಹೇಳಿದ್ದೆ.

ಆ ದಿನ ಬೆಳಿಗ್ಗೆ ಫಿಟ್ಟರು ಬಂದು ಹೈಡ್ರೋದ ಬ್ರೇಕಿಗೆ ಹೊಸ ಲೈನಿಂಗ್ ಹಾಕಿ ಹೋಗಿದ್ದ. ಮಧ್ಯಾಹ್ನ ತೊಳೆದ ಬಿಳಿ ಲಡಿಗಳನ್ನು ತುಂಬಿದರು. ಒಂದು ಕಡೆಗೆ ಸ್ವಲ್ಪ ಹೆಚ್ಚಾಯಿತೆಂದು ಕಾಣುತ್ತದೆ, ಯಂತ್ರ ಎಂದಿಗಿಂತ ಜಾಸ್ತಿ ಒಲೆದಾಡುತ್ತಿತ್ತು. ಸುತ್ತಲೂ ಮಗ್ಗಗಳ ಶೆಡ್ಡುಗಳು. ಅವುಗಳ ಸದ್ದಿನಲ್ಲಿ ಬುಟ್ಟಿಯ ಸದ್ದು ಬೇರೆಯಾಗಿ ಕೇಳಿಸುವಂತಿರಲಿಲ್ಲ. ಸೆಖೆ. ಯಾವಾಗಲೂ ತಲೆಗೆ ಸುತ್ತಿಕೊಳ್ಳುತ್ತಿದ್ದ ಟವೆಲನ್ನು ಅಣ್ಣ ಆ ದಿನ ಬಿಚ್ಚಿ ಮುಖ ಒರೆಸಿಕೊಂಡು ಹೆಗಲ ಮೇಲೆ ಹಾಕಿಕೊಂಡಿದ್ದರು.

ಸ್ವಿಚ್ಚು ಆರಿಸಿದರು. ತಕ್ಷಣ ಹಸಿರು ದೀಪ ಬಂತು.

"ಪರ್ವಾಗಿಲ್ವೇ, ಹೊಸ ಬ್ರೇಕು. ಎಷ್ಟ್ ಬೇಗ ನಿಂತ್ಬಿಡ್ತು!" ಅಂದರು ಅಣ್ಣ. ಮುಚ್ಚಳ ಎತ್ತಿದರು.

ನಾನು ಪರದೆಯ ಕಡೆಯಿಂದ ತಲೆ ಎತ್ತಿ ನೋಡಿದೆ. ಒಳಗೆ ಬಿಳಿ ನೂಲು ಸುಮ್ಮನಿತ್ತು. ಅಣ್ಣ ಬಗ್ಗಿದರು, ಬಲಗೈ ಮುಂದೆ ಹೋಯಿತು. ಅವರ ಮುಖದ ಮೇಲೆ ಸಣ್ಣ ಸಣ್ಣ ಹನಿಗಳು ಸಿಡಿಯುತ್ತಿದ್ದವು. ನಿಂತ ಬುಟ್ಟಿಯಿಂದ ಹನಿ ಹಾರುವುದಿಲ್ಲ ಅನ್ನುವುದು ನನಗೆ ಹೊಳೆಯುವುದಕ್ಕೂ ಹೆಗಲ ಮೇಲಿನ ಟವೆಲಿನ ತುದಿ ಜಾರಿ ಒಳಗೆ ಬೀಳುವುದಕ್ಕೂ ಸರಿಹೋಯಿತು. ಟವೆಲು ಇತ್ತು, ಆಮೇಲೆ ಇರಲಿಲ್ಲ. ಅದು ಹೋದ ಪರಿ ನನಗೆ ಕಾಣಿಸಲೇ ಇಲ್ಲ. ಚಟ್ ಎಂದು ಒಂದು ಸದ್ದು, ಹೆಗಲನ್ನು ಯಾರೋ ಹಿಡಿದು ತಳ್ಳಿದಂತೆ ಅಣ್ಣ ಹಿಂದಕ್ಕೆ ವಾಲಿ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ನಂದಗುಡಿಯವನು ಕೂಗುತ್ತಾ ಓಡಿಹೋಗಿ ಮೇನ್ ಸ್ವಿಚ್ಚು ಎಳೆದ. ಅದರಿಂದ ಏನೂ ಆಗುವಂತಿರಲಿಲ್ಲ, ಮೋಟಾರು ಆಗಲೇ ಆರಿತ್ತು. ಬುಟ್ಟಿ ತಿರುಗುತ್ತಲೇ ಇತ್ತು. ಟವೆಲಿನ ನೀಲಿ ಅಂಚು ಬಿಳಿಯ ನಡುವೆ ಒಂದು ತೆಳು ಗೆರೆಯಾಗಿ ಕಾಣುತ್ತಿತ್ತು. ಬುಟ್ಟಿ ನಿಧಾನವಾದಂತೆ ಆ ಗೆರೆ ಒಡೆದು ತುಂಡು ತುಂಡಾಗಿ, ಕೊನೆಗೆ ಟವೆಲಾಗಿ ನಿಂತಿತು.

ಅಷ್ಟು ಹೊತ್ತೂ ಹಸಿರು ದೀಪ ಉರಿಯುತ್ತಿತ್ತು.

ಅಣ್ಣ ಕೂತಲ್ಲೇ ಬಲಗೈಯನ್ನು ಮುಖದ ಮುಂದೆ ಹಿಡಿದು ಬೆರಳುಗಳನ್ನು ಮಡಿಸಿದರು, ಬಿಚ್ಚಿದರು. "ಗಾಳಿ ತಾಕ್ತು ಅಮ್ಮಣ್ಣಿ," ಅಂದರು. "ಬೆರಳಿಗೆ ಗಾಳಿ ತಾಕ್ತು, ಅಷ್ಟೇ." ಯಾರೋ ನೀರು ತಂದುಕೊಟ್ಟರು. ಲೋಟವನ್ನು ಎಡಗೈಯಲ್ಲಿ ಹಿಡಿದು ಕುಡಿದರು.

ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಂತ್ರದ ಒಲೆದಾಟಕ್ಕೆ ಸೆನ್ಸರಿನ ವೈರು ಹೊದಿಕೆಯ ಅಂಚಿಗೆ ಉಜ್ಜಿ ಉಜ್ಜಿ ಕಡಿದುಹೋಗಿತ್ತು. ಮಿಡಿತ ಬರುತ್ತಿರಲಿಲ್ಲ. ಮಿಡಿತ ಬರದಿದ್ದರೆ ಬುಟ್ಟಿ ನಿಂತಿದೆ. ಪ್ರೋಗ್ರಾಮು ನಾವು ಹೇಳಿಕೊಟ್ಟದ್ದನ್ನೇ ಮಾಡಿತ್ತು.

ಸಂಜೆ ಮನೆಗೆ ಬಂದೆ. ಮುಂಭಾಗದಲ್ಲಿ ಅಪ್ಪನ ಮಗ್ಗಗಳು ಓಡುತ್ತಿದ್ದವು. ಒಳಗೆ ಹೋಗಲು ಮನಸ್ಸಾಗದೆ ಅಲ್ಲೇ ಕಟ್ಟೆಯ ಮೇಲೆ ಕೂತೆ. ಒಂದು ಮಗ್ಗ ತಾನಾಗಿ ನಿಂತಿತು. ಅಪ್ಪ ಹೋಗಿ ಲಾಳಿ ತೆಗೆದು, ಅದರೊಳಗಿನ, ಅಡ್ಡಕ್ಕೆ ಓಡುವ ಹೊಕ್ಕು ನೂಲು ಮುಗಿದದ್ದನ್ನು ನೋಡಿ, ನೂಲು ಸುತ್ತಿದ ಬೇರೆ ಕಂಡಿಕೆ ಹಾಕಿ ಮತ್ತೆ ಓಡಿಸಿದರು. ಹುಟ್ಟಿದಾಗಿನಿಂದ ನೋಡುತ್ತಿರುವ ಕೆಲಸ. ಲಾಳಿ ಈಚೆಗೆ ಬಂದಾಗಲೆಲ್ಲ ಕಡ್ಡಿಗಳ ಪುಟ್ಟ ಫೋರ್ಕೊಂದು ಹೊಕ್ಕು ನೂಲನ್ನು ಮುಟ್ಟಿ ನೋಡುತ್ತದೆ. ನೂಲು ಸಿಕ್ಕಿದರೆ ಮಗ್ಗ ಓಡುತ್ತದೆ. ಸಿಗದಿದ್ದರೆ ನಿಲ್ಲುತ್ತದೆ. ಆ ಫೋರ್ಕನ್ನು ಬಿಚ್ಚಿ ಹಾಕಿದಾಗಲೆಲ್ಲ ಅಪ್ಪ ಮಗ್ಗ ಓಡುತ್ತಿರುವಾಗಲೇ ಹೊಕ್ಕು ನೂಲನ್ನು ಬೇಕೆಂದೇ ಕತ್ತರಿಸಿ, ನಿಲ್ಲುತ್ತದೋ ಇಲ್ಲವೋ ನೋಡುತ್ತಿದ್ದರು.

ಮಗ್ಗಕ್ಕೆ ನೂಲು ಸಿಗದಿದ್ದರೆ ಏನೋ ಕೆಟ್ಟಿದೆ ಎಂದು ಅರ್ಥ. ನಮ್ಮ ಚಿಲಕಕ್ಕೆ ಮಿಡಿತ ಸಿಗದಿದ್ದರೆ ಎಲ್ಲ ಸರಿಯಾಗಿದೆ ಎಂದು ಅರ್ಥ. ನಾನು ಕಟ್ಟೆಯ ಮೇಲೆ ಬಹಳ ಹೊತ್ತು ಕೂತಿದ್ದೆ. "ಯಾಕವ್ವಾ, ಮೈ ಸರಿ ಇಲ್ವಾ?" ಅಂತ ಅಪ್ಪ ಕೇಳಿದರು. ಏನಿಲ್ಲ ಅಂದೆ. ಮರುದಿನ ಪೇಟೆಯಲ್ಲಿ ಅಪ್ಪನಿಗೆ ಅಣ್ಣನೇ ಸಿಕ್ಕಿ ಎಲ್ಲ ಹೇಳಿದರಂತೆ.

ಬೆಳಿಗ್ಗೆ ದಾಬಸ್‌ಪೇಟೆಗೆ ಹೋದಾಗ ಮೇಡಂ ನಮಗಿಂತ ಮೊದಲೇ ಬಂದಿದ್ದರು. ಟೇಬಲ್ಲಿನ ಮೇಲೆ ಆ ಮೂರು ಚೀಟಿಗಳನ್ನು ಇಟ್ಟುಕೊಂಡಿದ್ದರು. ನಾನು ಮಗ್ಗದ ಫೋರ್ಕಿನ ವಿಷಯ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, ನಂದಗುಡಿಯವನ ಕಡೆ ತಿರುಗಿ, "ಅವತ್ತು ನಿನ್ನ ಬಾಯಲ್ಲಿ ಬೋಂಡ ಇತ್ತು," ಅಂದರು.

ಅವನಿಗೆ ಅರ್ಥವಾಗಲು ಒಂದು ಗಳಿಗೆ ಬೇಕಾಯಿತು.

"ನೀನು ಮಾತಾಡ್ಲಿಲ್ಲ. ಇವಳು ಏನ್ ಮಾಡಿದ್ಲು? ಕಾದ್ಲು. ಚಿಲಕ ಬಿಡ್ಲಿಲ್ಲ. ಆಟದಲ್ಲಿ ನಾವು ಸರಿಯಾಗೇ ಆಡಿದ್ವಿ. ನಾನು ನಗ್ತಾ ನುಂಗಿ ಹೇಳು ಅಂದೆ. ಅದನ್ನ ಪರೀಕ್ಷೆ ಅಂತ ಬರೀಲಿಲ್ಲ."

"ಮೇಡಂ, ಅದು ತಮಾಷೆಗೆ..." ಅಂದ ಅವನು.

"ಹೌದು. ತಮಾಷೆ ಅಂತಾನೇ ಬಿಟ್ವಿ."

ಮತ್ತೆ ಆಟ ಆಡಿದೆವು. ಯಾರೂ ನಗಲಿಲ್ಲ. ನಾನು ಬುಟ್ಟಿ ತಿರುಗುತ್ತಿದೆಯಾ ಅಂತ ಕೇಳಿದೆ, ಅವನು ತಿರುಗುತ್ತಿದೆ ಅಂದ. ಮತ್ತೆ ಕೇಳಿದೆ, ತಿರುಗುತ್ತಿದೆ ಅಂದ. ಮೂರನೆಯ ಸಲ ಕೇಳಿದಾಗ ಬಾಯಿ ಬಿಗಿದು ನನ್ನನ್ನೇ ನೋಡುತ್ತಾ ಕೂತ. ಅವನ ಮುಖ ಬಿಳಿಚಿಕೊಂಡಿತ್ತು. ಹಿಂದಿನ ದಿನ ಮೇನ್ ಸ್ವಿಚ್ಚಿನ ಕಡೆಗೆ ಓಡಿದಾಗ ಇದ್ದ ಮುಖ.

"ಈಗ ಸೆನ್ಸರಿಗೆ ಎಷ್ಟು ಉತ್ತರ ಇದೆ?" ಅಂತ ಮೇಡಂ ಕೇಳಿದರು.

"ಮೂರು," ಅಂದೆ. "ತಿರುಗ್ತಿದೆ, ನಿಂತಿದೆ, ಗೊತ್ತಿಲ್ಲ."

ಮಿಡಿತ ಬರದಿದ್ದಾಗ ಅದು ನಿಂತದ್ದೋ ಗೊತ್ತಿಲ್ಲದ್ದೋ ಎಂದು ಹೇಗೆ ತಿಳಿಯುವುದು ಅನ್ನುವುದೇ ಮಧ್ಯಾಹ್ನದವರೆಗಿನ ಮಾತು. ನಿಜವಾಗಿ ನಿಲ್ಲುವ ಬುಟ್ಟಿ ನಿಧಾನವಾಗುತ್ತಾ ಆಗುತ್ತಾ ನಿಲ್ಲುತ್ತದೆ, ಮಿಡಿತಗಳ ನಡುವಿನ ಬಿಡುವು ಹಿಗ್ಗುತ್ತಾ ಹೋಗುತ್ತದೆ. ಪೂರ್ತಿ ವೇಗದಲ್ಲಿದ್ದದ್ದು ತಟ್ಟನೆ ಸುಮ್ಮನಾದರೆ ಅದು ನಿಂತದ್ದಲ್ಲ. ಅದನ್ನು ಸೆನ್ಸರು ತಾನೇ ಅರಿತು ಗೊತ್ತಿಲ್ಲ ಅನ್ನಬೇಕು. ಒಂದು ಸಲ ಗೊತ್ತಿಲ್ಲ ಅಂದ ಮೇಲೆ ಯಾರಾದರೂ ವೈರು ನೋಡಿ ಪ್ಯಾನೆಲ್ಲಿನ ಕೀಲಿ ತಿರುಗಿಸುವವರೆಗೆ ಮಾತು ಬದಲಿಸಬಾರದು. ಗೊತ್ತಿಲ್ಲ ಅಂದರೆ ಚಿಲಕ ಬಿಡಬಾರದು, ಕೆಂಪು ದೀಪ ಉರಿಯಬೇಕು.

ಪರೀಕ್ಷೆಯನ್ನು ನಾನೇ ಟೈಪು ಮಾಡಿದೆ. ಸುಳ್ಳು ಬುಟ್ಟಿಗೆ ಹೊಸದೊಂದು ಕೆಟ್ಟ ಬುದ್ಧಿ ಕಲಿಸಿದೆವು, ವೇಗವಾಗಿ ತಿರುಗುತ್ತಿರುವಾಗಲೇ ಬಾಯಿ ಮುಚ್ಚಿಕೊಳ್ಳುವುದು. ಹಳೆಯ ಪ್ರೋಗ್ರಾಮಿನ ಮೇಲೆಯೇ ಓಡಿಸಿದೆ. ಕಪ್ಪು ಪರದೆಯ ಮೇಲೆ ಕೆಂಪು ಸಾಲು ಬಂತು. ಚಿಲಕ ಮುಚ್ಚಿರಬೇಕಿತ್ತು, ತೆರೆದಿದೆ. ಅಷ್ಟೇ ಇತ್ತು ಆ ಸಾಲಿನಲ್ಲಿ. ಹಿಂದಿನ ದಿನ ನಾನು ಕಂಡದ್ದೆಲ್ಲ, ಟವೆಲು, ಹನಿಗಳು, ಅಣ್ಣನ ಕೈ, ಆ ಒಂದು ಸಾಲಿನಲ್ಲಿತ್ತು. ಮೇಡಂ ನನ್ನ ಹೆಗಲ ಮೇಲೆ ಕೈ ಇಟ್ಟು, "ಇದನ್ನ ನೋಡ್ಬೇಕಾಗಿದ್ದು ಇಲ್ಲಿ," ಅಂದರು. ಮುಂದಿನದನ್ನು ಬರೆಯದೆ ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದೆ. ನಂದಗುಡಿಯವನು ಕೀಬೋರ್ಡನ್ನು ತನ್ನ ಕಡೆಗೆ ಎಳೆದುಕೊಂಡ.

ಕೆಲವು ದಿನಗಳಾದ ಮೇಲೆ ಮೂವರೂ ದೊಡ್ಡಬಳ್ಳಾಪುರಕ್ಕೆ ಹೋದೆವು. ವೈರಿಗೆ ಕಬ್ಬಿಣದ ಕೊಳವೆ ಹಾಕಿ, ಉಜ್ಜದ ಹಾಗೆ ಬೇರೆ ದಾರಿಯಲ್ಲಿ ತಂದಿದ್ದೆವು. ಅದನ್ನೂ ನಂಬದೆ, ನಡುವೆ ಕೈಯಲ್ಲಿ ಕೀಳಬಹುದಾದ ಒಂದು ಜೋಡಣೆ ಬಿಟ್ಟಿದ್ದೆವು. ಬುಟ್ಟಿ ತಿರುಗುವಾಗ ಅದನ್ನು ಕೀಳುತ್ತೇವೆ ಅಂದಾಗ ಮಾಲೀಕರಿಗೆ ಸಿಟ್ಟು ಬಂತು.

"ಸರಿ ಮಾಡೋಕ್ ಬಂದಿದೀರೋ ಇಲ್ಲ ಇರೋ ವೈರೂ ಕೀಳೋಕ್ ಬಂದಿದೀರೋ?"

"ಎರಡಕ್ಕೂ," ಅಂದರು ಮೇಡಂ.

ಅಣ್ಣ ದೂರ ನಿಂತಿದ್ದರು. ಹೊಸ ಟವೆಲು, ತಲೆಗೆ ಬಿಗಿಯಾಗಿ ಸುತ್ತಿಕೊಂಡಿದ್ದರು. ಗೋಣಿಚೀಲ ಮೂಲೆಯಿಂದ ವಾಪಸು ಬಂದು ಯಂತ್ರದ ಪಕ್ಕದಲ್ಲಿತ್ತು. ಅಷ್ಟೂ ದಿನ ನಮ್ಮ ಚಿಲಕ ಬಿಚ್ಚಿಟ್ಟು ಚೀಲದಲ್ಲೇ ಕೆಲಸ ನಡೆಸಿದ್ದರು. ಇಂದು ನಮ್ಮ ಚಿಲಕ ಬೇಡ ಅಂದರೆ ಮತ್ತೆ ಯಾವತ್ತೂ ಚೀಲವೇ ಗತಿ. ಬೇಕು ಅಂದರೆ ಆ ದೀಪವನ್ನು ಮತ್ತೆ ನಂಬಬೇಕು. ಎರಡರಲ್ಲೂ ಒಳಗೆ ಹೋಗುವುದು ಅದೇ ಕೈ.

ಬಿಳಿ ಲಡಿ ತುಂಬಿ ಓಡಿಸಿದರು. ಪೂರ್ತಿ ವೇಗ ಬಂದ ಮೇಲೆ ನಾನು ಜೋಡಣೆಯನ್ನು ಕಿತ್ತೆ. ಸ್ವಿಚ್ಚು ಆರಿಸಿದೆವು. ಕೆಂಪು ದೀಪ. ನಂದಗುಡಿಯವನು ಮುಚ್ಚಳವನ್ನು ಎರಡೂ ಕೈಯಿಂದ ಎಳೆದ, ಅಲುಗಲಿಲ್ಲ. ಬುಟ್ಟಿ ಒಳಗೆ ತಿರುಗಿ ತಿರುಗಿ ನಿಂತಿತು. ಆಗಲೂ ಕೆಂಪೇ. ಮೇಡಂ ಕೀಲಿ ಹಾಕಿ ತಿರುಗಿಸಿದ ಮೇಲೆಯೇ ಬಿಟ್ಟಿತು.

"ಇನ್ನೊಂದ್ ಕಿತ ಓಡ್ಸಿ," ಅಂದರು ಅಣ್ಣ. "ನಾನ್ ಕೀಳ್ತೀನಿ."

ಅವರು ಬಗ್ಗಿ ಜೋಡಣೆ ಹಿಡಿದುಕೊಂಡು, ಯಂತ್ರ ವೇಗ ಹಿಡಿಯುವವರೆಗೂ ಕಾದು, ಹಲ್ಲು ಕೀಳುವ ಹಾಗೆ ಎಳೆದರು. ಕೆಂಪು. ಮತ್ತೊಮ್ಮೆ ಓಡಿಸಿ, ಈ ಸಲ ನಿಧಾನವಾಗುತ್ತಿರುವಾಗ ಕಿತ್ತರು. ಆಗಲೂ ಕೆಂಪು. ಅದು ನಮ್ಮ ಪರೀಕ್ಷೆಗಳಲ್ಲಿ ಇದ್ದದ್ದೇ, ಆದರೂ ನಾನು ದೀಪದಿಂದ ಕಣ್ಣು ತೆಗೆದಿರಲಿಲ್ಲ.

"ಏನಣ್ಣಾ, ಚೀಲ ಬಿಸಾಕಾಣ್ವಾ?" ಅಂತ ನಂದಗುಡಿಯವನು ಮೆಲ್ಲಗೆ ಕೇಳಿದ. ಮೊದಲಿನ ಧ್ವನಿ ಅದಲ್ಲ.

"ಇರ್ಲಿ ಬಿಡೋ. ಅದೇನ್ ಅನ್ನ ಕೇಳ್ತದಾ?"

ಕೊನೆಗೆ ವೈರು ಕೀಳದೆ, ದಿನದ ಕೆಲಸದಂತೆಯೇ ಓಡಿಸಿದರು. ಸ್ವಿಚ್ಚು ಆರಿಸಿ ಕಾದೆವು. ಹೊಸ ಬ್ರೇಕಿದ್ದರೂ ಬಹಳ ಹೊತ್ತಾದ ಮೇಲೆಯೇ ಹಸಿರು ಬಂತು. ಅಣ್ಣ ಮುಚ್ಚಳ ಎತ್ತಿದರು. ಒಳಗೆ ಬಿಳಿ ನೂಲು ಸುಮ್ಮನಿತ್ತು. ಅವತ್ತು ಕಂಡದ್ದಕ್ಕೂ ಇದಕ್ಕೂ ನನ್ನ ಕಣ್ಣಿಗೆ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ಅವರು ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಒಂದು ಕೆಂಪು ನೂಲಿನ ಚೂರನ್ನು ತೆಗೆದು ಬುಟ್ಟಿಯೊಳಗೆ ಬಿಟ್ಟರು. ಅದು ಬಿಳಿಯ ಮೇಲೆ ಬಿದ್ದು ಬಿದ್ದಲ್ಲೇ ಇತ್ತು. ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಬಲಗೈ ಒಳಗೆ ಹೋಯಿತು.

ಆ ಕೈ ಹೊರಗೆ ಬರುವವರೆಗೆ ಮಗ್ಗಗಳ ಸದ್ದು ನನಗೆ ಕೇಳಿಸಲಿಲ್ಲ. ಈಗಲೂ ಎಷ್ಟೋ ಸಲ ಇದನ್ನು ನೆನೆಸಿಕೊಳ್ಳುವಾಗ ಇಲ್ಲಿಯವರೆಗೆ ಬರುವುದಕ್ಕೆ ಮೊದಲೇ ಟವೆಲು ತಲೆಯ ಮೇಲೆ ಸುತ್ತಿರುತ್ತದೆ, ಹೆಗಲ ಮೇಲೆ ಇರುವುದಿಲ್ಲ, ಹಸಿರು ದೀಪ ತಕ್ಷಣ ಬರುತ್ತದೆ, ಕೈಗಿಂತ ಮೊದಲು ಒಳಗೆ ಬೀಳುವುದಕ್ಕೆ ಏನೂ ಇರುವುದಿಲ್ಲ. ಆಗ ಬಲವಂತದಿಂದ ಮನಸ್ಸನ್ನು ಈ ಕೆಂಪು ನೂಲಿನ ಚೂರಿನವರೆಗೆ ಎಳೆದು ತರಬೇಕಾಗುತ್ತದೆ.

ಕೈ ಹೊರಗೆ ಬಂತು, ಒಂದು ಲಡಿಯ ಸಮೇತ. ಅಣ್ಣ ಅದನ್ನು ಎರಡೂ ಕೈಯಲ್ಲಿ ಹಿಂಡಿ ನೋಡಿದರು. ನೀರು ತೊಟ್ಟಿಕ್ಕಿತು.

"ಇನ್ನೂ ಒದ್ದೆ ಐತೆ," ಅಂದು ಲಡಿಯನ್ನು ವಾಪಸು ಬುಟ್ಟಿಗೆ ಹಾಕಿ, ಕೆಂಪು ಚೂರನ್ನು ಹೆಕ್ಕಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮುಚ್ಚಳ ಮುಚ್ಚಿದರು. "ಇನ್ನೊಂದ್ ಸುತ್ತು ಓಡ್ಲಿ."